ತಿರುಗಿಸಿದರೆ ಕುದುರೆ

ಒಂಬತ್ತು ಕಂಬ, ಇಪ್ಪತ್ತೇಳು ಮುಖ, ಮೂರು ಚಿತ್ರ. ನಾವು ಕಟ್ಟಬೇಕಿದ್ದ ಫಲಕದ ಲೆಕ್ಕ ಇಷ್ಟೇ. ದೊಡ್ಡ ಊರಿನ ವೃತ್ತಗಳಲ್ಲಿ ನೀವು ಇಂಥದನ್ನು ನೋಡಿರುತ್ತೀರಿ. ಒಂದು ಜಾಹೀರಾತು ಇದ್ದಕ್ಕಿದ್ದಂತೆ ಉದ್ದುದ್ದ ಪಟ್ಟಿಗಳಾಗಿ ಸೀಳಿಕೊಂಡು, ಹೊರಳಿ, ಬೇರೆ ಜಾಹೀರಾತಾಗುತ್ತದೆ. ಅದರ ಹಿಂದೆ ಸಾಲಾಗಿ ನಿಂತಿರುವುದು ಮೂರು ಮುಖದ ಕಂಬಗಳು. ಎಲ್ಲವೂ ಒಟ್ಟಿಗೆ 120 ಡಿಗ್ರಿ ತಿರುಗಿದರೆ ಹೊಸ ಚಿತ್ರ ಮುಂದೆ ಬರುತ್ತದೆ. ಅದರ ಪುಟ್ಟ ಮಾದರಿಯೊಂದನ್ನು ತರಗತಿಯ ಸ್ಪರ್ಧೆಗಾಗಿ ಮೂರು ವಾರದಲ್ಲಿ ಕಟ್ಟಿದೆವು. ಅಳತೆಗಳನ್ನೂ ಎಡವಿದ ಜಾಗಗಳನ್ನೂ ಇಲ್ಲಿ ಬರೆದಿಡುತ್ತಿದ್ದೇನೆ. ಈ ಫಲಕದ ಅರ್ಧ ಬುದ್ಧಿ ನಮ್ಮ ಎದುರಾಳಿ ತಂಡದಿಂದ ಬಂದದ್ದು. ಅದನ್ನು ಬಿಟ್ಟು ಅಳತೆ ಮಾತ್ರ ಬರೆದರೆ ಅರ್ಧ ಫಲಕವನ್ನು ಮಾತ್ರ ಬರೆದಂತಾಗುತ್ತದೆ.

ನಾವು ಮೈಸೂರಿನಲ್ಲಿ ಪತ್ರಿಕೋದ್ಯಮ ಎಂ.ಎ. ಓದುತ್ತಿರುವ ಹನ್ನೆರಡು ಮಂದಿ. ಜಾಹೀರಾತು ವಿಷಯ ಕಲಿಸುವ ಮೇಡಂ ನಮ್ಮನ್ನು ಆರಾರು ಜನರ ಎರಡು ತಂಡ ಮಾಡಿ, ಇಬ್ಬರಿಗೂ ಒಂದೇ ಸಮಸ್ಯೆ ಕೊಟ್ಟರು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಇವೆಲ್ಲವನ್ನೂ ಬೈಪಾಸ್‌ಗಳು ಬಳಸಿಕೊಂಡು ಹೋಗುತ್ತವೆ. ಮೊದಲು ಹಳೆಯ ರಸ್ತೆಯಲ್ಲಿ ಹೋಗುವಾಗ ಚನ್ನಪಟ್ಟಣದ ಬೊಂಬೆ ಅಂಗಡಿಗಳು ಕಣ್ಣಿಗೆ ಬೀಳುತ್ತಿದ್ದವು. ಮಗು ಕಿಟಕಿಯಿಂದ ಕೈ ತೋರಿಸುತ್ತಿತ್ತು, ಅಪ್ಪ ಗಾಡಿ ನಿಲ್ಲಿಸುತ್ತಿದ್ದರು. ಈಗ ಗಾಡಿ ಊರನ್ನು ಮುಟ್ಟುವುದೇ ಇಲ್ಲ. "ಪ್ರಯಾಣಿಕನನ್ನು ಮತ್ತೆ ಅಂಗಡಿಯ ಬಾಗಿಲಿಗೆ ತನ್ನಿ" ಎಂದರು ಮೇಡಂ. ಖರ್ಚಿನ ಮಿತಿ ತಂಡಕ್ಕೆ 2,500 ರೂಪಾಯಿ. ಮಂಡಿಸಲು ಏಳು ನಿಮಿಷ. ಕೈಯಲ್ಲಿ ಹಿಡಿದು ತೋರಿಸಬಲ್ಲ ವಸ್ತು ಇರಲೇಬೇಕು, ಪರದೆಯ ಮೇಲಿನ ಚಿತ್ರ ನಡೆಯುವುದಿಲ್ಲ.

ಇನ್ನೊಂದು ನಿಯಮವೂ ಇತ್ತು. ನಡುವೆ ಒಂದು ದಿನ ಎರಡೂ ತಂಡಗಳು ತಮ್ಮ ಅರೆಬೆಂದ ಯೋಜನೆಯನ್ನು ಪರಸ್ಪರ ತೋರಿಸಬೇಕು. ಎದುರಿನವರು ಮೂರು ಆಕ್ಷೇಪ ಎತ್ತಬೇಕು, ಪ್ರತಿ ಆಕ್ಷೇಪದ ಜೊತೆಗೆ ಒಂದು ಪರಿಹಾರವನ್ನೂ ಹೇಳಬೇಕು. ಒಟ್ಟು 30 ಅಂಕದಲ್ಲಿ 5 ಅಂಕ ಈ ಆಕ್ಷೇಪಗಳ ಗುಣಕ್ಕೆ. ಮೊದಲ ದಿನ ಈ ಐದು ಅಂಕದ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ನಾವು ಮರದ ಕುದುರೆಯನ್ನು ಆರಿಸಿಕೊಂಡೆವು, ಅವರು ಬುಗುರಿಯನ್ನು. ಅಂದಿನಿಂದ ಕುದುರೆ ತಂಡ, ಬುಗುರಿ ತಂಡ ಎಂಬ ಹೆಸರೇ ಉಳಿಯಿತು.

ನಮ್ಮ ಮೊದಲ ಯೋಜನೆ ಇದು. ಚನ್ನಪಟ್ಟಣದ ಕಡೆಗೆ ಇಳಿಯುವ ತಿರುವಿಗೆ ಸ್ವಲ್ಪ ಮೊದಲು ಹೆದ್ದಾರಿಯ ಪಕ್ಕದಲ್ಲಿ ಒಂದು ತಿರುಗುವ ಫಲಕ. ಮೊದಲ ಮುಖದಲ್ಲಿ ಬೊಂಬೆ ಮಾಡುವ ಆಲೆ ಮರದ ಬಿಳಿ ತುಂಡು ಮತ್ತು 'ದಾರಿ ಬದಲಾಗಿದೆ' ಎಂಬ ಸಾಲು. ಎರಡನೆಯದರಲ್ಲಿ ಮರ ಕಡೆಯುವ ಯಂತ್ರವಾದ ಲೇತ್ ಮೇಲೆ ಸುತ್ತುತ್ತಿರುವ ಮರಕ್ಕೆ ಅರಗಿನ ಕಡ್ಡಿ ಒತ್ತಿದ ಕೈ, 'ಊರು ಬದಲಾಗಿಲ್ಲ'. ಮೂರನೆಯದರಲ್ಲಿ ಕೆಂಪು ಹಳದಿ ಕುದುರೆ, 'ಮುಂದಿನ ತಿರುವಿನಲ್ಲಿ ಇಳಿಯಿರಿ'. ಆ ಸಾಲುಗಳ ಮೇಲೆ ನಮಗೆ ಬಹಳ ಪ್ರೀತಿ ಹುಟ್ಟಿತು. ಅದೇ ಪ್ರೀತಿಯಲ್ಲಿ ಮರುದಿನವೇ ಕತ್ತರಿಸಲು ಕುಳಿತೆವು.

ಕಂಬಗಳು

ಕಂಬದ ಎತ್ತರ 400 ಮಿ.ಮೀ., ಪ್ರತಿ ಮುಖದ ಅಗಲ 50 ಮಿ.ಮೀ. ಒಂಬತ್ತು ಕಂಬ ಸೇರಿದರೆ 450 ಮಿ.ಮೀ. ಅಗಲದ ಚಿತ್ರ. ಮೊದಲ ಪ್ರಶ್ನೆ, ಒಂದು ಕಂಬದ ನಡುವಿನಿಂದ ಇನ್ನೊಂದರ ನಡುವಿಗೆ ಎಷ್ಟು ಅಂತರ ಬಿಡಬೇಕು? ಸಮಬಾಹು ತ್ರಿಕೋನದ ಬದಿ 50 ಇದ್ದರೆ ನಡುವಿನಿಂದ ಮೂಲೆಗೆ ಸುಮಾರು 29 ಮಿ.ಮೀ. ಕಂಬ ಒಂಟಿಯಾಗಿ ಸುತ್ತಲು 58 ಮಿ.ಮೀ. ಜಾಗ ಬೇಕು. ಅಷ್ಟು ಬಿಟ್ಟರೆ ಎರಡು ಪಟ್ಟಿಗಳ ನಡುವೆ 8 ಮಿ.ಮೀ. ಬಿರುಕು ಬಿದ್ದು ಚಿತ್ರ ಜೈಲಿನ ಕಂಬಿಯ ಹಿಂದೆ ನಿಂತಂತೆ ಕಾಣುತ್ತದೆ.

ರಟ್ಟಿನಲ್ಲಿ ಎರಡು ತ್ರಿಕೋನ ಕತ್ತರಿಸಿ, ಗುಂಡುಸೂಜಿ ಚುಚ್ಚಿ ಮೇಜಿನ ಮೇಲೆ ತಿರುಗಿಸಿ ನೋಡಿದೆವು. ಆಗ ಕಂಡದ್ದು ನನ್ನನ್ನು ಇಂದಿಗೂ ಖುಷಿಪಡಿಸುತ್ತದೆ. ಎರಡೂ ಒಂದೇ ದಿಕ್ಕಿನಲ್ಲಿ, ಒಂದೇ ಹೆಜ್ಜೆಯಲ್ಲಿ ತಿರುಗಿದರೆ 50 ಮಿ.ಮೀ. ಅಂತರದಲ್ಲಿಯೂ ಅವು ಒಂದನ್ನೊಂದು ತಳ್ಳುವುದಿಲ್ಲ. ಒಂದರ ಮೂಲೆ ಚಾಚಿಕೊಳ್ಳುವ ಹೊತ್ತಿಗೆ ಪಕ್ಕದ್ದರ ಮುಖ ಅಷ್ಟೇ ಹಿಂದೆ ಸರಿದಿರುತ್ತದೆ. ಆದರೆ ಒಂದು ಕಂಬ ಹಿಂದೆ ಬಿದ್ದರೂ ಸಾಕು, ಮೂಲೆಗೆ ಮೂಲೆ ಸಿಕ್ಕಿ ಸಾಲೆಲ್ಲ ನಿಂತುಹೋಗುತ್ತದೆ. ನಾವು 52 ಮಿ.ಮೀ. ಅಂತರ ಇಟ್ಟುಕೊಂಡೆವು. ಎರಡು ಮಿ.ಮೀ. ಬಿರುಕು ಕಣ್ಣಿಗೆ ಅಡ್ಡಿಯಾಗಲಿಲ್ಲ.

ಮೊದಲ ನಾಲ್ಕು ಕಂಬಗಳು ಹಾಳಾದವು. 3 ಮಿ.ಮೀ. ಫೋಮ್ ಬೋರ್ಡನ್ನು (ಎರಡೂ ಬದಿ ಕಾಗದ, ನಡುವೆ ಹಗುರವಾದ ಫೋಮ್ ಇರುವ ಹಲಗೆ) 50 ಮಿ.ಮೀ. ಪಟ್ಟಿಗಳಾಗಿ ಕತ್ತರಿಸಿ ಅಂಚಿಗೆ ಅಂಚು ಅಂಟಿಸಿದಾಗ ಬೋರ್ಡಿನ ದಪ್ಪವೂ ಹೊರಗಿನ ಅಳತೆಗೆ ಸೇರಿಕೊಂಡಿತು. ಒಂದು ಮುಖ 53, ಇನ್ನೊಂದು 54. ಎರಡು ಮಿ.ಮೀ. ಬಿರುಕನ್ನು ಅದು ನುಂಗಿಬಿಟ್ಟಿತು. ಸರಿಯಾದ ದಾರಿ ಇದು: ಪಟ್ಟಿ ಪಟ್ಟಿಯಾಗಿ ಕತ್ತರಿಸಬೇಡಿ. 150 ಮಿ.ಮೀ. ಅಗಲದ ಒಂದೇ ತುಂಡು ತೆಗೆದುಕೊಂಡು, ಒಳಬದಿಯಿಂದ ಪ್ರತಿ 50 ಮಿ.ಮೀ.ಗೆ ಸುಮಾರು 10 ಮಿ.ಮೀ. ಅಗಲದ, ಇಳಿಜಾರು ಬದಿಗಳ ಕಾಲುವೆಯನ್ನು ಬ್ಲೇಡಿನಿಂದ ಕೊರೆಯಿರಿ. ಹೊರಗಿನ ಕಾಗದ ಮಾತ್ರ ಕತ್ತರಿಸಬಾರದು. ಎರಡು ಕೊನೆಯ ಅಂಚುಗಳನ್ನೂ ಅದೇ ಇಳಿಜಾರಿನಲ್ಲಿ ಸವರಿ. ಮಡಚಿದಾಗ ಕಾಗದವೇ ಕೀಲಾಗುತ್ತದೆ, ಹೊರಗಿನ ಮುಖ ಕರಾರುವಾಕ್ಕಾಗಿ 50 ಇರುತ್ತದೆ, ಮೂಲೆಯೂ ಚೂಪಾಗಿ ಬರುತ್ತದೆ.

ಕಂಬದ ಎರಡೂ ತುದಿಗೆ 6 ಮಿ.ಮೀ. ಪ್ಲೈವುಡ್‌ನ ತ್ರಿಕೋನ ಬಿಲ್ಲೆ. ಒಳಗಿನ ಬದಿ ಲೆಕ್ಕಕ್ಕೆ 39.6 ಮಿ.ಮೀ., ನಾವು 39.5 ಕತ್ತರಿಸಿದೆವು. ನಡುವೆ 6 ಮಿ.ಮೀ. ರಂಧ್ರ, ಅದರೊಳಗೆ ಅದೇ ದಪ್ಪದ ಥ್ರೆಡ್ ರಾಡ್ (ಉದ್ದಕ್ಕೂ ತಿರುಪಿನ ಗೆರೆಯಿರುವ ಸರಳು), ಬಿಲ್ಲೆಯ ಎರಡೂ ಕಡೆ ನಟ್ಟು. ರಂಧ್ರ ನಟ್ಟನಡುವೆ ಇಲ್ಲದಿದ್ದರೆ ಕಂಬ ತೊನೆಯುತ್ತದೆ. ಆದ್ದರಿಂದ ಮೂರೂ ಮೂಲೆಗಳಿಂದ ಎದುರು ಬದಿಯ ಮಧ್ಯಕ್ಕೆ ಗೆರೆ ಎಳೆದು, ಅವು ಸೇರುವಲ್ಲಿಯೇ ಮೊಳೆಯಿಂದ ಗುರುತು ಚುಚ್ಚಿ ಆಮೇಲೆ ಡ್ರಿಲ್ ಹಿಡಿಯಬೇಕು.

ಒಟ್ಟಿಗೆ ತಿರುಗುವುದು

ಒಂಬತ್ತನ್ನೂ ಒಟ್ಟಿಗೆ ತಿರುಗಿಸಲು ಹಲ್ಲಿನ ಚಕ್ರಗಳನ್ನು ಕೊಳ್ಳುವಷ್ಟು ಹಣ ಇರಲಿಲ್ಲ. ಪ್ರತಿ ರಾಡಿನ ತಲೆಗೆ 18 ಮಿ.ಮೀ. ಉದ್ದದ ಪುಟ್ಟ ತೋಳು ಕಟ್ಟಿ, ಎಲ್ಲ ತೋಳುಗಳ ತುದಿಯನ್ನೂ ಒಂದೇ ಅಲ್ಯೂಮಿನಿಯಂ ಪಟ್ಟಿಗೆ ಸಣ್ಣ ಬೋಲ್ಟುಗಳಿಂದ ಜೋಡಿಸಿದೆವು. ಪಟ್ಟಿ ಒಂದು ಸುತ್ತು ಬಳಸಿ ಬಂದರೆ ಎಲ್ಲ ಕಂಬಗಳೂ ಒಂದು ಸುತ್ತು ಹಾಕಬೇಕು.

ಇಲ್ಲಿ ಎರಡು ಸಣ್ಣ ತಪ್ಪುಗಳಾದವು. ಪಟ್ಟಿಯ ರಂಧ್ರಗಳನ್ನು ನಾನು ಅಳತೆಪಟ್ಟಿ ಹಿಡಿದು ಒಂದೊಂದಾಗಿ ಗುರುತು ಮಾಡಿ ಕೊರೆದೆ. ಒಂಬತ್ತನೆಯದಕ್ಕೆ ಬರುವಷ್ಟರಲ್ಲಿ ಒಂದು ಮಿ.ಮೀ. ಜಾರಿತ್ತು, ಪಟ್ಟಿ ಬಿಗಿದುಕೊಂಡಿತು. ಮೇಲಿನ ಹಲಗೆ, ಕೆಳಗಿನ ಹಲಗೆ, ಪಟ್ಟಿ ಮೂರನ್ನೂ ಒಂದರ ಮೇಲೊಂದಿಟ್ಟು ಕ್ಲಾಂಪ್ ಹಾಕಿ ಮೊದಲು ಸಣ್ಣ ರಂಧ್ರ ಒಂದೇ ಸಲ ಕೊರೆದು, ಆಮೇಲೆ ಬೇಕಾದಂತೆ ಹಿಗ್ಗಿಸಿಕೊಂಡರೆ ಈ ತೊಂದರೆಯೇ ಇಲ್ಲ. ತಪ್ಪು ಬಂದರೂ ಮೂರರಲ್ಲೂ ಒಂದೇ ತಪ್ಪು ಬರುತ್ತದೆ, ಅದು ಯಾರಿಗೂ ಅಡ್ಡಿಯಲ್ಲ. ಇನ್ನೊಂದು, ತೋಳುಗಳು ಪಟ್ಟಿಯ ನೇರಕ್ಕೆ ಬಂದಾಗ ಪಟ್ಟಿ ರಾಡುಗಳ ತಲೆಯ ಮೇಲೆಯೇ ಹಾದುಹೋಗುತ್ತದೆ, ಅಲ್ಲಿನ ನಟ್ಟುಗಳಿಗೆ ಬಡಿಯುತ್ತದೆ. ಬೋಲ್ಟಿಗೆ ಪೆನ್ನಿನ ಕೊಳವೆಯ 8 ಮಿ.ಮೀ. ತುಂಡು ತೊಡಿಸಿ ಪಟ್ಟಿಯನ್ನು ಎತ್ತರಿಸಿದೆವು.

12 ವೋಲ್ಟಿನ, ನಿಮಿಷಕ್ಕೆ ಹತ್ತು ಸುತ್ತಿನ ಗೇರ್ ಮೋಟಾರ್ ಜೋಡಿಸಿ ಏಳನೇ ದಿನ ರಾತ್ರಿ ಸ್ವಿಚ್ ಒತ್ತಿದೆವು. ಅರ್ಧ ಸುತ್ತು ಸೊಗಸಾಗಿ ಬಂತು. ತೋಳುಗಳೆಲ್ಲ ಪಟ್ಟಿಯ ನೇರಕ್ಕೆ ಬಂದ ಕ್ಷಣ ಐದನೇ ಕಂಬ ಏನನ್ನೋ ನೆನೆಸಿಕೊಂಡವರಂತೆ ತಡೆದು, ಹಿಂದಕ್ಕೆ ತಿರುಗಿತು. ಉಳಿದವು ಮುಂದಕ್ಕೆ. ಪಟಪಟನೆ ಮೂರು ಮೂಲೆಗಳು ಜಜ್ಜಿಹೋದವು. ಕಂಬ ಬದಲಾಯಿಸಿ ಮತ್ತೆ ಪ್ರಯತ್ನಿಸಿದಾಗ ಈ ಸಲ ಎರಡನೆಯದು ಹಿಮ್ಮುಖವಾಯಿತು. ಸಡಿಲ ಮಾಡಿದರೂ ಬಿಗಿ ಮಾಡಿದರೂ ಅದೇ ಕಥೆ. ರಾತ್ರಿ ಒಂದು ಗಂಟೆಗೆ ಎಲ್ಲರೂ ಸುಮ್ಮನೆ ಫಲಕದ ಸುತ್ತ ಕುಳಿತಿದ್ದೆವು.

ಆಕ್ಷೇಪದ ದಿನ

ಒಂಬತ್ತನೇ ದಿನ ಬುಗುರಿ ತಂಡದ ಮುಂದೆ ಫಲಕವನ್ನು ಇಟ್ಟೆವು. ಅದು ಅಲ್ಲಿಯೂ ಸಿಕ್ಕಿಹಾಕಿಕೊಂಡಿತು. ಯಾರೂ ನಗಲಿಲ್ಲ. ಅವರ ತಂಡದ ಹಾಸನದ ಹುಡುಗಿ ಎದ್ದು ಬಂದು ಬಾಗಿ, ಕೈಯಿಂದ ಪಟ್ಟಿಯನ್ನು ಮೆಲ್ಲಗೆ ಸರಿಸಿ ನೋಡಿ, ಹಲಗೆಯ ಮೇಲೆ ಲೆಕ್ಕ ಬರೆದಳು.

"ಹೆದ್ದಾರಿಯಲ್ಲಿ ಕಾರಿನ ವೇಗದ ಮಿತಿ ಗಂಟೆಗೆ 100 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ನಿಮ್ಮ ಅಕ್ಷರ 150 ಮೀಟರ್ ದೂರದಿಂದ ಓದಲು ಬಂದರೂ ಪ್ರಯಾಣಿಕನಿಗೆ ಸಿಗುವುದು ಐದು ಸೆಕೆಂಡು. ನಿಮ್ಮ ಫಲಕ ಒಂದು ಮುಖಕ್ಕೆ ಆರು ಸೆಕೆಂಡು ನಿಲ್ಲುತ್ತದೆ, ತಿರುಗಲು ಎರಡು ಸೆಕೆಂಡು. ಪೂರ್ತಿ ಕಥೆಗೆ 24 ಸೆಕೆಂಡು. ಅಷ್ಟರಲ್ಲಿ ಕಾರು 650 ಮೀಟರಿಗಿಂತ ಹೆಚ್ಚು ಮುಂದೆ ಹೋಗಿರುತ್ತದೆ. ನಿಮ್ಮ ಮೂರು ಸಾಲುಗಳಲ್ಲಿ ಒಬ್ಬನಿಗೆ 'ದಾರಿ ಬದಲಾಗಿದೆ' ಮಾತ್ರ ಕಾಣುತ್ತದೆ. ಇನ್ನೊಬ್ಬನಿಗೆ 'ಊರು ಬದಲಾಗಿಲ್ಲ' ಮಾತ್ರ. ಯಾವ ಊರು ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ಮೇಲಾಗಿ, ಆ ವೇಗದಲ್ಲಿ ಹೋಗುವವನ ಕಣ್ಣನ್ನು ರಸ್ತೆಯಿಂದ ಎಳೆಯುವ ಫಲಕ ನಮಗೆ ಬೇಕೇ?"

ನಮಗೆ ಉತ್ತರವಿರಲಿಲ್ಲ. ಮೂರು ದಿನ ಸಾಲುಗಳನ್ನು ತಿದ್ದಿದ್ದೆವು, ಓದುವವನು ಎಷ್ಟು ಹೊತ್ತು ಅಲ್ಲಿರುತ್ತಾನೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಅವಳ ಪರಿಹಾರ ಇದು: "ಜನ ಕಾಯುತ್ತಾ ಕುಳಿತಿರುವ ಕಡೆ ಇಡಿ. ಬೆಂಗಳೂರಿನ ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ ಮಕ್ಕಳನ್ನು ಕಟ್ಟಿಕೊಂಡು ಅರ್ಧ ಗಂಟೆ ನಿಲ್ಲುವವರು ಎಷ್ಟು ಮಂದಿ!"

ಎರಡನೇ ಆಕ್ಷೇಪ ಸಿಕ್ಕಿಹಾಕಿಕೊಳ್ಳುವ ಪಟ್ಟಿಯ ಬಗ್ಗೆ. ಅವರ ತಂಡದಲ್ಲಿ ಒಬ್ಬನ ತಂದೆ ರೈಲ್ವೆ ಕಾರ್ಯಾಗಾರದಲ್ಲಿ ನೌಕರರು. ಅವನು ಸಮಸ್ಯೆಯನ್ನು ನೋಡಿದ ಕೂಡಲೇ, "ಇದು ಉಗಿಬಂಡಿಯ ಚಕ್ರದ ತೊಂದರೆ. ಭಾನುವಾರ ರೈಲ್ವೆ ಮ್ಯೂಸಿಯಂಗೆ ಬನ್ನಿ, ತೋರಿಸುತ್ತೇನೆ" ಎಂದ.

ಮೂರನೆಯದು ಮೋಟಾರಿನ ಬಗ್ಗೆ. ಅದು ಒಂದೇ ವಾಕ್ಯ. "ಇಷ್ಟು ಮುದ್ದಾದ ವಸ್ತುವನ್ನು ಮೋಟಾರ್ ಏಕೆ ತಿರುಗಿಸಬೇಕು, ಮಗು ತಿರುಗಿಸಲಿ."

ಆ ಮಾತು ಕಿವಿಗೆ ಬಿದ್ದ ಮೇಲೆ ನಮ್ಮ ತಂಡದಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಬರಲಿಲ್ಲ. ಚನ್ನಪಟ್ಟಣದ ಬೊಂಬೆ ಹುಟ್ಟುವುದೇ ಮರ ತಿರುಗುವುದರಿಂದ. ಮರ ಸುತ್ತುತ್ತಿದ್ದರೆ ಉಳಿ ಆಕಾರ ತೆಗೆಯುತ್ತದೆ, ಸುತ್ತುತ್ತಿದ್ದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಬಣ್ಣ ಹತ್ತುತ್ತದೆ. ನಮ್ಮ ಫಲಕವೂ ತಿರುಗುತ್ತದೆ. ಮಗು ಒಂದು ಹಿಡಿಯನ್ನು ತಿರುಗಿಸಿದರೆ ಮರದ ತುಂಡು ಬಣ್ಣವಾಗಿ, ಇನ್ನೊಮ್ಮೆ ತಿರುಗಿಸಿದರೆ ಬಣ್ಣ ಕುದುರೆಯಾಗಬೇಕು. ಆ ಕೆಲಸವನ್ನು ಮಗುವೇ ಮಾಡಿದ ಹಾಗಿರಬೇಕು. ಒಂಬತ್ತು ದಿನ ನಾವು ಫಲಕ ಬೇರೆ, ಸಾಲು ಬೇರೆ ಎಂದುಕೊಂಡು ಎರಡನ್ನೂ ಪ್ರತ್ಯೇಕವಾಗಿ ಉಜ್ಜುತ್ತಿದ್ದೆವು. ಹಳೆಯ ಸಾಲುಗಳನ್ನು ಅಂದೇ ಕೈಬಿಟ್ಟೆವು. ಹೊಸವು ಹೀಗೆ ಬಂದವು:

'ಇದು ಬರೀ ಮರ. ತಿರುಗಿಸು.'

'ಬಣ್ಣ ಬಂತು. ಇನ್ನೊಂದು ಸಲ.'

'ಕುದುರೆ! ಚನ್ನಪಟ್ಟಣದಲ್ಲಿ ಹೀಗೆಯೇ ತಿರುಗಿಸಿ ಮಾಡುತ್ತಾರೆ. ದಾರಿಯಲ್ಲಿಯೇ ಇದೆ, ಇಳಿದು ನೋಡು.'

ಅವರ ಯೋಜನೆಗೂ ನಾವು ಆಕ್ಷೇಪ ಎತ್ತಿದೆವು. ಬಿಡದಿಯ ತಟ್ಟೆ ಇಡ್ಲಿಯ ಹೋಟೆಲುಗಳಲ್ಲಿ ಪ್ರತಿ ಮಗುವಿಗೂ ಒಂದು ಪುಟ್ಟ ಬುಗುರಿ ಕೊಡುವುದು ಅವರ ಆಲೋಚನೆ. ಜೊತೆಗಿನ ಚೀಟಿಯಲ್ಲಿ 'ಇದರ ಅಣ್ಣಂದಿರು ಚನ್ನಪಟ್ಟಣದಲ್ಲಿದ್ದಾರೆ' ಎಂಬ ಸಾಲು. ಆ ಸಾಲು ಕೇಳಿ ನಾನು ಮನಸ್ಸಿನಲ್ಲಿಯೇ ಹೊಟ್ಟೆಕಿಚ್ಚು ಪಟ್ಟೆ, ಅಷ್ಟು ಚೆನ್ನಾಗಿತ್ತು. ಆದರೆ ಬಿಡದಿಗೂ ಬೈಪಾಸ್ ಇದೆ. ಊರೊಳಗೆ ಇಡ್ಲಿಗೆ ಇಳಿದವರು ಹಳೆಯ ರಸ್ತೆಯಲ್ಲಿಯೇ ಮುಂದುವರಿದರೆ ಚನ್ನಪಟ್ಟಣ ಹೇಗೂ ಸಿಗುತ್ತದೆ, ಬುಗುರಿ ಬೇಕಾದದ್ದು ಇಳಿಯದವರಿಗೆ. ರೈಲಿನಲ್ಲಿ ಕೊಡಿ ಎಂದೆವು, ಹೇಗೂ ರೈಲು ಚನ್ನಪಟ್ಟಣದ ನಿಲ್ದಾಣದಲ್ಲಿ ನಿಲ್ಲುತ್ತದೆ. ತೀರಾ ಚಿಕ್ಕ ಬುಗುರಿಯನ್ನು ಕೂಸುಗಳು ಬಾಯಿಗೆ ಹಾಕಿಕೊಳ್ಳುತ್ತವೆ, ದೊಡ್ಡದು ಮಾಡಿ ಎಂಬುದು ಎರಡನೆಯದು. ಮೂರನೆಯದು ಚೀಟಿಯ ಅಕ್ಷರದ ಗಾತ್ರದ ಬಗ್ಗೆ, ಅದರಲ್ಲಿ ಹೆಚ್ಚೇನೂ ಇರಲಿಲ್ಲ.

ಉಗಿಬಂಡಿ ಕಲಿಸಿದ್ದು

1979ರಲ್ಲಿ ಆರಂಭವಾದ ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಶಾಲೆಯ ಪ್ರವಾಸದಲ್ಲಿ ಹೋಗಿದ್ದೆ. ಆಗ ಎಂಜಿನ್ ಮೇಲೆ ಹತ್ತಿದ್ದಷ್ಟೇ ನೆನಪು. ಈ ಸಲ ಬುಗುರಿ ತಂಡದ ಆ ಹುಡುಗನೂ ಸೇರಿ ನಾವು ಏಳು ಮಂದಿ ಎಂಜಿನ್ನಿನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತೆವು. ಚಕ್ರಗಳನ್ನು ಒಂದಕ್ಕೊಂದು ಸೇರಿಸುವ ಉದ್ದನೆಯ ಕಬ್ಬಿಣದ ಸರಳನ್ನು ಅವನು ತೋರಿಸಿದ. ಅದು ನಮ್ಮ ಅಲ್ಯೂಮಿನಿಯಂ ಪಟ್ಟಿಯೇ. "ಸರಳು ಎಲ್ಲಿದೆ ಎಂದು ನೋಡಿಕೊಳ್ಳಿ, ಈಗ ಆ ಕಡೆಗೆ ಬನ್ನಿ" ಎಂದು ಎಂಜಿನ್ನನ್ನು ಬಳಸಿ ಕರೆದುಕೊಂಡು ಹೋದ. ಎರಡೂ ಬದಿಯ ಸರಳುಗಳು ಒಂದೇ ಎತ್ತರದಲ್ಲಿರಲಿಲ್ಲ. ಒಂದು ಬದಿಗೂ ಇನ್ನೊಂದಕ್ಕೂ ಕಾಲು ಸುತ್ತಿನ ವ್ಯತ್ಯಾಸ.

ಕಾರಣ ಸರಳ. ತೋಳು ಮತ್ತು ಪಟ್ಟಿ ಒಂದೇ ನೇರಕ್ಕೆ ಬಂದಾಗ ಪಟ್ಟಿಗೆ ತೋಳನ್ನು ತಿರುಗಿಸುವ ಶಕ್ತಿಯೇ ಇರುವುದಿಲ್ಲ, ಎಳೆಯಬಲ್ಲದು ಅಥವಾ ನೂಕಬಲ್ಲದು ಅಷ್ಟೇ. ಆ ಕ್ಷಣದಲ್ಲಿ ತೋಳು ಯಾವ ದಿಕ್ಕಿಗಾದರೂ ಹೊರಳಬಹುದು. ಇನ್ನೊಂದು ಬದಿಯ ಪಟ್ಟಿ 90 ಡಿಗ್ರಿ ವ್ಯತ್ಯಾಸದಲ್ಲಿದ್ದರೆ, ಇಲ್ಲಿ ಶಕ್ತಿ ಸೋತ ಗಳಿಗೆಯಲ್ಲಿ ಅಲ್ಲಿ ಪೂರ್ತಿ ಶಕ್ತಿ ಇರುತ್ತದೆ. ಅದು ಇದನ್ನು ದಾಟಿಸುತ್ತದೆ, ಕಾಲು ಸುತ್ತಾದ ಮೇಲೆ ಇದು ಅದನ್ನು ದಾಟಿಸುತ್ತದೆ.

ಅಂದು ಸಂಜೆಯೇ ರಾಡುಗಳ ಕೆಳತುದಿಗೂ ತೋಳು ಹಾಕಿದೆವು. ಮೇಲಿನವು ಮುಂದಕ್ಕೆ ನೋಡುವಾಗ ಕೆಳಗಿನವು ಬಲಕ್ಕೆ ನೋಡುವಂತೆ ಮೂಲೆಮಟ್ಟ ಹಿಡಿದು ಒಂದೊಂದನ್ನೂ ಬಿಗಿದೆವು. ತೋಳಿನ ಎರಡೂ ಕಡೆ ನಟ್ಟು ಇರಲೇಬೇಕು, ಒಂದೇ ನಟ್ಟಿದ್ದರೆ ತಿರುಗುತ್ತಾ ಸಡಿಲವಾಗುತ್ತದೆ. ಎರಡನೇ ಪಟ್ಟಿ ಕೂರಿಸಿ ಕೈಯಿಂದ ತಿರುಗಿಸಿದಾಗ ಒಂಬತ್ತು ಕಂಬಗಳೂ ಬಾಗಿಲು ತೆರೆದ ಹಾಗೆ ಹಗುರವಾಗಿ ಹೊರಳಿದವು. ಬೇರೆ ತಂಡದ ಹುಡುಗ ನಮಗಿಂತ ಮೊದಲು ಚಪ್ಪಾಳೆ ತಟ್ಟಿದ.

ಚನ್ನಪಟ್ಟಣ

ಹಿಡಿಯನ್ನು ಎಲ್ಲಿ ಕೂರಿಸುವುದು? ಯಾವ ರಾಡನ್ನೂ ಮೇಲಕ್ಕೆ ಉದ್ದ ಮಾಡುವಂತಿಲ್ಲ, ಪಟ್ಟಿ ಎಲ್ಲವುಗಳ ತಲೆಯ ಮೇಲೆ ಹಾಯುತ್ತದೆ. ಎರಡು ದಿನ ಯೋಚಿಸಿ ಕಂಡುಕೊಂಡದ್ದು: ಐದನೇ ತೋಳಿನ ಬೋಲ್ಟನ್ನು ಉದ್ದದ್ದಾಗಿ ಹಾಕಿ ಪಟ್ಟಿಯ ಮೇಲಕ್ಕೆ ಚಾಚುವಂತೆ ಮಾಡುವುದು. ಅದರ ಮೇಲೊಂದು ಮುಚ್ಚುಹಲಗೆ. ಹಲಗೆಯಲ್ಲಿ ತಿರುಗುವ ಮರದ ಹಿಡಿ, ಅದರ ತಳದಲ್ಲಿ ನಡುವಿನಿಂದ ಸರಿಯಾಗಿ 18 ಮಿ.ಮೀ. ದೂರದಲ್ಲಿ ಒಂದು ಕುಳಿ. ಬೋಲ್ಟಿನ ತುದಿ ಆ ಕುಳಿಯೊಳಗೆ ಕುಳಿತರೆ ಹಿಡಿಯೇ ಪಟ್ಟಿಯನ್ನು ಸುತ್ತಿಸುತ್ತದೆ. ಮೋಟಾರನ್ನು ಬಿಚ್ಚಿ ಡಬ್ಬಿಗೆ ಹಾಕಿದೆವು.

ಹಿಡಿಯನ್ನು ಚನ್ನಪಟ್ಟಣದಲ್ಲಿಯೇ ಮಾಡಿಸಬೇಕೆಂದು ಎಲ್ಲರಿಗೂ ಅನ್ನಿಸಿತು. ಬುಗುರಿ ತಂಡಕ್ಕೂ ಅಲ್ಲಿಯೇ ಕೆಲಸವಿತ್ತು. ಒಂದೇ ರೈಲಿನಲ್ಲಿ ಹೋದೆವು, ಮದ್ದೂರು ವಡೆಯನ್ನು ಹಂಚಿಕೊಂಡೆವು, ಯೋಜನೆಯ ಬಗ್ಗೆ ಮಾತ್ರ ಯಾರೂ ಬಾಯಿ ಬಿಡಲಿಲ್ಲ.

ಲೇತ್ ಮುಂದೆ ಕುಳಿತಿದ್ದ ಹಿರಿಯ ಕುಶಲಕರ್ಮಿ ನಮ್ಮ ಚಿತ್ರವನ್ನು ನೋಡಿ, "ಏನಮ್ಮಾ, ಈ ಕುಳಿ ನಡುವಿನಲ್ಲಿ ಇಲ್ಲವಲ್ಲ, ತಪ್ಪಾಗಿದೆಯೇ?" ಎಂದು ಕೇಳಿದರು. ವಿವರಿಸಿದಾಗ ಒಂದು ಗಳಿಗೆ ಯೋಚಿಸಿ, "ಹಾಗಾದರೆ ತಳವನ್ನು ದಪ್ಪ ಇಡುತ್ತೇನೆ, ಇಲ್ಲವಾದರೆ ಮಕ್ಕಳ ಕೈಯಲ್ಲಿ ಅಲ್ಲಿಯೇ ಸೀಳುತ್ತದೆ" ಎಂದರು. ಅದು ನಮಗೆ ಹೊಳೆದಿರಲಿಲ್ಲ. ಒಣಗಿದ ಆಲೆ ಮರದ ತುಂಡು ಲೇತಿನ ಮೇಲೆ ಏರಿತು. ಉಳಿಯಿಂದ ಬೆಣ್ಣೆಯಂಥ ಸುರುಳಿಗಳು ಹಾರಿದವು. ಆಕಾರ ಬಂದ ಮೇಲೆ ಸುತ್ತುತ್ತಿರುವ ಮರಕ್ಕೆ ಕೆಂಪು ಅರಗಿನ ಕಡ್ಡಿ ಒತ್ತಿದರು, ಬಿಳಿಯ ಮೇಲೆ ಕೆಂಪು ಉಂಗುರ ಒಮ್ಮೆಲೇ ಹುಟ್ಟಿತು. ಆಮೇಲೆ ಅರಿಸಿನದ ಹಳದಿ. ಕೊನೆಗೆ ಒಣಗಿದ ಕೇದಗೆ ಗರಿಯಿಂದ ತಿಕ್ಕಿದಾಗ ಬಂದ ಹೊಳಪು ಗಾಜಿನ ಹೊಳಪಿನಂತೆ ತಣ್ಣಗಿರಲಿಲ್ಲ, ಒಳಗಿನಿಂದ ಬಂದಂತಿತ್ತು. 70 ಮಿ.ಮೀ. ಅಗಲದ ಆ ಹಿಡಿ ಕೈಗೆ ಬಂದಾಗ ಇನ್ನೂ ಬೆಚ್ಚಗಿತ್ತು. ಹೊಸ ದಾರಿ ಬಂದ ಮೇಲೆ ವ್ಯಾಪಾರ ಹೇಗಿದೆ ಎಂದು ಕೇಳಿದೆ. ಅವರು ಲೇತ್ ನಿಲ್ಲಿಸದೆ, "ಹುಡುಕಿಕೊಂಡು ಬರುವವರು ಬರುತ್ತಾರೆ. ಕಂಡು ಬರುವವರು ಇಲ್ಲ" ಎಂದರು. ತರಗತಿಯಲ್ಲಿ ಮೇಡಂ ಕೊಟ್ಟ ಸಮಸ್ಯೆ ಆವರೆಗೂ ಕಾಗದದ ಮೇಲಿತ್ತು.

ಚಿತ್ರ ಅಂಟಿಸುವುದು

ಮೂರು ಚಿತ್ರಗಳನ್ನೂ 450 × 400 ಮಿ.ಮೀ. ಅಳತೆಯಲ್ಲಿ ಮುದ್ರಿಸಿ ಒಂಬತ್ತು ಪಟ್ಟಿಗಳಾಗಿ ಕತ್ತರಿಸಬೇಕು. ಕತ್ತರಿಸುವ ಮೊದಲೇ ಪ್ರತಿ ಪಟ್ಟಿಯ ಹಿಂದೆ ಚಿತ್ರದ ಸಂಖ್ಯೆ, ಪಟ್ಟಿಯ ಸಂಖ್ಯೆ ಬರೆಯಿರಿ. ಕಂಬದ ತಲೆಯ ಬಿಲ್ಲೆಯ ಮೇಲೂ 1, 2, 3 ಎಂದು ಒಂದೇ ದಿಕ್ಕಿನಲ್ಲಿ ಬರೆಯಿರಿ. ನಾವು ಆರನೇ ಕಂಬದಲ್ಲಿ ದಿಕ್ಕು ತಪ್ಪಿಸಿದ್ದರಿಂದ ಮರದ ತುಂಡಿನ ನಡುವೆ ಕುದುರೆಯ ಕಿವಿ ಎದ್ದು ನಿಂತಿತು. ತೆಳುವಾದ ಅಂಟು ಸವರಿ, ಮಧ್ಯದಿಂದ ಅಂಚಿಗೆ ಬಟ್ಟೆಯಿಂದ ಒತ್ತುತ್ತಾ ಬಂದರೆ ಗುಳ್ಳೆ ಏಳುವುದಿಲ್ಲ. ಪಟ್ಟಿಯನ್ನು 50ರ ಬದಲು 49.5 ಕತ್ತರಿಸಿ, ಮೂಲೆಗೆ ಕಾಗದ ಚಾಚಿಕೊಂಡರೆ ಪಕ್ಕದ ಕಂಬ ಅದನ್ನು ಕೆರೆದು ಎಬ್ಬಿಸುತ್ತದೆ.

ಮುಖ ಸರಿಯಾಗಿ ಎದುರಿಗೆ ಬಂದಾಗ ನಿಲ್ಲಲು ಹಿಡಿಯ ತಳದ ಅಂಚಿನಲ್ಲಿ 120 ಡಿಗ್ರಿಗೊಂದರಂತೆ ಮೂರು ಕಚ್ಚು ಕೊರೆದು, ಅದಕ್ಕೆ ಒತ್ತಿಕೊಳ್ಳುವಂತೆ ಬಟ್ಟೆ ಒಣಗಿಸುವ ಮರದ ಕ್ಲಿಪ್ಪಿನ ಒಂದು ಕಾಲನ್ನು ಹಲಗೆಗೆ ಮೊಳೆ ಹೊಡೆದೆವು. ಕ್ಲಿಪ್ಪಿನ ಸ್ಪ್ರಿಂಗ್ ಸಾಕಷ್ಟು ಗಟ್ಟಿ. ಪ್ರತಿ ಸಲವೂ 'ಟಕ್' ಎನ್ನುತ್ತದೆ. ಆ ಸದ್ದಿಗಾಗಿಯೇ ಜನ ಮತ್ತೆ ಮತ್ತೆ ತಿರುಗಿಸುತ್ತಾರೆ ಎಂಬುದು ಆಮೇಲೆ ಗೊತ್ತಾಯಿತು. ರಾಡು ಹಲಗೆಯನ್ನು ಹಾಯುವ ಕಡೆ ಮೇಣದಬತ್ತಿ ತಿಕ್ಕಿದ್ದೇವೆ, ಎಣ್ಣೆ ಹಾಕಿದರೆ ಮರ ಅದನ್ನು ಕುಡಿದುಬಿಡುತ್ತದೆ. ಖರ್ಚು ಬಳಸದ ಮೋಟಾರೂ ಸೇರಿ 2,340 ರೂಪಾಯಿ.

ಇಪ್ಪತ್ತೊಂದನೇ ದಿನ

ನಮ್ಮ ಏಳು ನಿಮಿಷದಲ್ಲಿ ಮಾತು ಎರಡೇ ನಿಮಿಷ. ಉಳಿದ ಹೊತ್ತು ಹಿಡಿಯನ್ನು ತರಗತಿಗೆ ಬಿಟ್ಟೆವು. ಗ್ರಂಥಾಲಯದ ಸಹಾಯಕರು ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಒಳಗೆ ಬಂದು ನಾಲ್ಕು ಸಲ ತಿರುಗಿಸಿದರು. ಒಮ್ಮೆಯೂ ಸಿಕ್ಕಿಹಾಕಿಕೊಳ್ಳಲಿಲ್ಲ.

ಬುಗುರಿ ತಂಡ ದೊಡ್ಡದಾದ ಬುಗುರಿಯೊಂದನ್ನು ಮೇಜಿನ ಮೇಲೆ ಬಿಟ್ಟಿತು. ನಿಂತಿದ್ದಾಗ ಅದರ ಮೈಮೇಲೆ ಒಂದೇ ಒಂದು ಕೆಂಪು ಚುಕ್ಕೆ. ತಿರುಗಿದಾಗ ಚುಕ್ಕೆ ಪೂರ್ತಿ ಉಂಗುರವಾಯಿತು. ರೈಲಿನ ಹಾದಿಯ ನಕ್ಷೆಯನ್ನು ಚೀಟಿಯ ಮೇಲೆ ಬರೆದಿದ್ದರು, ಚನ್ನಪಟ್ಟಣದ ಜಾಗದಲ್ಲಿ ಅದೇ ಕೆಂಪು ಉಂಗುರ. ಕೆಳಗೆ ಅಣ್ಣಂದಿರ ಆ ಸಾಲು. ರೈಲಿನಲ್ಲಿ ಕೊಡುವ ನಮ್ಮ ಸಲಹೆಯನ್ನು ಅವರು ನಾವು ಊಹಿಸದಷ್ಟು ದೂರ ಕೊಂಡೊಯ್ದಿದ್ದರು.

ಅವರಿಗೆ 26 ಅಂಕ, ನಮಗೆ 25. ಮೇಡಂ ಅಂಕಪಟ್ಟಿಯನ್ನು ಬಿಡಿಸಿ ತೋರಿಸಿದರು. ಯೋಜನೆ, ವಸ್ತು, ಮಂಡನೆ ಮೂರನ್ನೂ ಸೇರಿಸಿ ನೋಡಿದರೆ ಎರಡೂ ತಂಡಕ್ಕೆ ಸಮ, ತಲಾ 21. ಆಕ್ಷೇಪಕ್ಕೆ ಅವರಿಗೆ ಐದಕ್ಕೆ ಐದು, ನಮಗೆ ನಾಲ್ಕು. ನಾವು ಚೀಟಿಯ ಅಕ್ಷರದ ಬಗ್ಗೆ ಹೇಳಿ ಮುಗಿಸಿದ ಆ ಮೂರನೇ ಆಕ್ಷೇಪದಲ್ಲಿ ಒಂದು ಅಂಕ ಹೋಗಿತ್ತು. ಫಲಕ ಚೆನ್ನಾಗಿ ತಿರುಗಿದ್ದರಿಂದಲೇ ಅವರ ಐದು ಅಂಕ ಪೂರ್ತಿಯಾದದ್ದು. ಹಾಸನದ ಹುಡುಗಿ ನಮ್ಮ ಮೇಜಿನ ಬಳಿ ಬಂದು ಹಿಡಿಯನ್ನು ಎರಡು ಸಲ ತಿರುಗಿಸಿ, ಕುದುರೆ ಬಂದಾಗ ಕೈ ಬಿಟ್ಟಳು.

ಮುಂದಿನ ತಿಂಗಳು ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಹಾಕಿಕೊಂಡು ಚನ್ನಪಟ್ಟಣದ ಆ ಲೇತಿನ ಮುಂದೆ ಇಟ್ಟು ತೋರಿಸಬೇಕೆಂದು ಹನ್ನೆರಡೂ ಮಂದಿ ಮಾತಾಡಿಕೊಂಡಿದ್ದೇವೆ. ಅದಕ್ಕೆ ಮೊದಲು ಏಳನೇ ಕಂಬದ ಎರಡನೇ ಮುಖದಲ್ಲಿ ಕಾಗದದ ಮೂಲೆ ಎದ್ದಿದೆ, ಅಂಟಿಸಬೇಕು. ಕ್ಲಿಪ್ಪಿನ ಕಾಲು ಕೂಡ ಸವೆದಿದೆ, ಬಿದಿರಿನದು ಮಾಡಿ ನೋಡುತ್ತೇನೆ.